ಟಿವಿಯಲ್ಲಿ 8ನೇ ಚಾನೆಲ್ ಮಾತ್ರ ಬರ್ತಿಲ್ಲ: ಫ್ರಿಸ್ಕೋ ಮನೆಗೆ ಯಾವ ಆಂಟೆನಾ, ಎಲ್ಲಿ ಕಟ್ಟೋದು?

ಮೈಸೂರ್‌ಪಾಕ್_ಫ್ರಿಸ್ಕೋ · ಶನಿವಾರ ಬೆಳಗ್ಗೆ 9:12

ನಮಸ್ಕಾರ. ನಮ್ಮದು ಟೆಕ್ಸಾಸ್‌ನ ಡ್ಯಾಲಸ್ ಪಕ್ಕದ ಫ್ರಿಸ್ಕೋ. ಡ್ಯಾಲಸ್ ಕಡೆಯವರು ಯಾರಾದರೂ ದಾರಿ ತೋರಿಸಿ.

ಹೋದ ತಿಂಗಳು ಕೇಬಲ್ ಕಟ್ ಮಾಡಿಸಿದ್ವಿ. ತಿಂಗಳಿಗೆ ನೂರು ಡಾಲರ್ ಮೇಲೆ ಕಕ್ಕಿ ನೋಡ್ತಾ ಇದ್ದದ್ದು ನಾಲ್ಕೈದು ಚಾನೆಲ್. ಅವೂ ಗಾಳಿಯಲ್ಲಿ ಪುಕ್ಕಟೆ ಬರೋವು ಅಂತ ಆಮೇಲೆ ಗೊತ್ತಾಯ್ತು. ಆನ್‌ಲೈನಲ್ಲಿ ಒಂದು ಚಪ್ಪಟೆ ಆಂಟೆನಾ ತರಿಸಿದೆ, ನೋಡೋಕೆ ದೊಡ್ಡ ಹಪ್ಪಳದ ಥರ. ಡಬ್ಬದ ಮೇಲೆ 200 ಮೈಲಿ, 4ಕೆ, 8ಕೆ ಅಂತೆಲ್ಲ ಬರೆದಿದೆ. ಹಾಲ್‌ನಲ್ಲಿ ಟಿವಿ ಹಿಂದೆ ಗೋಡೆಗೆ ಅಂಟಿಸಿದೆ. 4, 5, 11, 13 ಎಲ್ಲಾ ಚೆನ್ನಾಗೇ ಬರುತ್ತೆ. 8 ಮಾತ್ರ ಇಲ್ಲ. ಹತ್ತು ಸಲ ಸ್ಕ್ಯಾನ್ ಮಾಡಿದೆ, ಪಟ್ಟಿಯಲ್ಲೇ ಸಿಗಲ್ಲ.

ಅಪ್ಪ ಆರು ತಿಂಗಳಿಗೆ ಮೈಸೂರಿಂದ ಬಂದಿದ್ದಾರೆ. ಅವರಿಗೆ 8ರ ಹವಾಮಾನ ವರದಿ ಹುಚ್ಚು. ಸುಂಟರಗಾಳಿ ಎಲ್ಲಿ ಹೊರಟಿದೆ ಅಂತ ಮ್ಯಾಪ್‌ನಲ್ಲಿ ತೋರಿಸ್ತಾರಲ್ಲ, ಅದನ್ನ ಕ್ರಿಕೆಟ್ ನೋಡಿದ ಹಾಗೆ ನೋಡ್ತಾರೆ. ಕೇಬಲ್ ಇದ್ದಾಗ ರುಚಿ ಹತ್ತಿಬಿಟ್ಟಿತ್ತು. ಈಗ ದಿನಾ "8 ಏನಾಯ್ತಮ್ಮ" ಅಂತ ಕೇಳ್ತಾರೆ. ಇನ್ನೂ ದೊಡ್ಡ ಮೈಲಿಯ ಆಂಟೆನಾ ಕೊಳ್ಳಬೇಕಾ?

ಟೆಕ್ಸಾಸ್_ಟೀಪುಡಿ · ಶನಿವಾರ 9:40

ಬೂಸ್ಟರ್ ಹಾಕಿ. 25 ಡಾಲರ್. ಮುಗೀತು.

ಅಟ್ಟದ_ಇಲಿ · ಶನಿವಾರ 10:25

ಬೂಸ್ಟರ್ ಈಗ ಬೇಡ, ತಡೀರಿ. ಮೊದಲು ಆ ಮೈಲಿ ಲೆಕ್ಕ ಮರೆತುಬಿಡಿ. ಟಿವಿ ಸಿಗ್ನಲ್ ಹೆಚ್ಚೂಕಮ್ಮಿ ನೇರ ಹೋಗುತ್ತೆ, ಭೂಮಿ ಬಾಗಿದೆ. ಟವರ್ ಎತ್ತರವನ್ನ ಅಡಿಯಲ್ಲಿ ತಗೊಂಡು, ಎರಡರಿಂದ ಗುಣಿಸಿ, ವರ್ಗಮೂಲ ತೆಗೆದರೆ ಎಷ್ಟು ಮೈಲಿಗೆ ಸಿಗ್ನಲ್ ನೆಲ ಮುಟ್ಟುತ್ತೆ ಅಂತ ಅಂದಾಜು ಬರುತ್ತೆ. 1500 ಅಡಿ ಟವರ್‌ಗೆ ಸುಮಾರು 55 ಮೈಲಿ. ನಿಮ್ಮ ಡಬ್ಬದ 200 ಮೈಲಿ ನಿಜ ಆಗಬೇಕಾದ್ರೆ ಟವರ್ 20,000 ಅಡಿ ಇರಬೇಕು. ಅಂಥದ್ದು ಯಾರು ಕಟ್ಟಿದ್ದಾರೆ?

ಇಲ್ಲಿ ದೊಡ್ಡ ಚಾನೆಲ್‌ಗಳ ಟವರ್‌ಗಳೆಲ್ಲ ಡ್ಯಾಲಸ್‌ನ ನೈರುತ್ಯಕ್ಕೆ ಸೀಡರ್ ಹಿಲ್‌ನಲ್ಲಿ ಒಂದೇ ಕಡೆ ಗುಂಪಾಗಿ ನಿಂತಿವೆ. ಫ್ರಿಸ್ಕೋಗೆ ಸುಮಾರು 40 ಮೈಲಿ, ದಿಕ್ಕು ದಕ್ಷಿಣ, ಚೂರು ಪಶ್ಚಿಮಕ್ಕೆ ವಾಲಿದೆ. ನಡುವೆ ಗುಡ್ಡ ಬೆಟ್ಟ ಏನಿಲ್ಲ. ನಮ್ಮ ಊರು ದೋಸೆಕಲ್ಲಿನ ಹಾಗೆ ಸಪಾಟು. ಹಾಗಾಗಿ ನಿಮ್ಮ ತೊಂದರೆ ದೂರದ್ದಲ್ಲ.

ತೊಂದರೆ ನಂಬರಿನದ್ದು. ಟಿವಿಯಲ್ಲಿ ಕಾಣೋ ನಂಬರ್ ಬರೀ ಕರೆಯೋ ಹೆಸರು. ರೇಷನ್ ಕಾರ್ಡಿನ ಹೆಸರು ಬೇರೆ. 4 ಅಂತ ಕಾಣೋದು ನಿಜವಾಗಿ ಪ್ರಸಾರ ಆಗೋದು 35ರಲ್ಲಿ. 5 ಇರೋದು 24ರಲ್ಲಿ, 11 ಇರೋದು 19ರಲ್ಲಿ, 13 ಇರೋದು 14ರಲ್ಲಿ. ಇವೆಲ್ಲ ಯುಎಚ್ಎಫ್, ಅಂದ್ರೆ ಚಿಕ್ಕ ಅಲೆಯವು. 2009ರ ಜೂನ್ 12ಕ್ಕೆ ಅನಲಾಗ್ ನಿಂತು ಡಿಜಿಟಲ್ ಆದಮೇಲೆ ಹೆಚ್ಚಿನವರು ಹಳೇ ನಂಬರನ್ನ ಬೋರ್ಡಿನ ಮೇಲೆ ಇಟ್ಕೊಂಡು ಮನೆ ಬದಲಾಯಿಸಿದರು. 8 ಮಾತ್ರ ಇವತ್ತಿಗೂ ನಿಜವಾದ 8ರಲ್ಲೇ ಇದೆ, ಅಂದ್ರೆ 180ರಿಂದ 186 ಮೆಗಾಹರ್ಟ್ಸ್. ಅದು ವಿಎಚ್ಎಫ್, ಉದ್ದ ಅಲೆಯದ್ದು.

ಈಗ ಕೈಯಲ್ಲಿ ಅಳೆಯಿರಿ. ಆಂಟೆನಾದ ಕಡ್ಡಿ ಸುಮಾರಾಗಿ ಅಲೆಯ ಅರ್ಧ ಉದ್ದ ಇದ್ದರೆ ಚೆನ್ನಾಗಿ ಹಿಡಿಯುತ್ತೆ. 35ರ ಅಲೆಗೆ ಅರ್ಧ ಅಂದ್ರೆ 25 ಸೆಂಟಿಮೀಟರ್, ಒಂದು ಗೇಣಿಗೆ ಸ್ವಲ್ಪ ಜಾಸ್ತಿ. 8ರ ಅಲೆಗೆ 82 ಸೆಂಟಿಮೀಟರ್, ಹೆಚ್ಚೂಕಮ್ಮಿ ನಾಲ್ಕು ಗೇಣು. ನಿಮ್ಮ ಹಪ್ಪಳ ಎಷ್ಟಗಲ ಇದೆ?

ಮೈಸೂರ್‌ಪಾಕ್_ಫ್ರಿಸ್ಕೋ · ಶನಿವಾರ 11:03

ಒಂದೂವರೆ ಗೇಣು. ಅಪ್ಪನ ಕೈಯಲ್ಲಿ.

ಅಟ್ಟದ_ಇಲಿ · ಶನಿವಾರ 11:10

ಅಷ್ಟೇ ನೋಡಿ. ಪಾವಿನಲ್ಲಿ ಕೊಡದ ನೀರು ಹಿಡಿಯೋಕೆ ಹೊರಟಿದ್ದೀರಿ.

ಧಾರವಾಡ_ಪ್ಲೇನೋ · ಶನಿವಾರ ಮಧ್ಯಾಹ್ನ 12:30

ನಮ್ಮನ್ಯಾಗೂ ಇದ ಕಥಿ ಆಗಿತ್ತು ನೋಡ್ರಿ. ಟೀಪುಡಿ ಅಣ್ಣಾರ ಮಾತು ಕೇಳಿದಂಗ ಬೂಸ್ಟರ್ ತಂದೆ. ಬೂಸ್ಟರ್ ಇಲ್ಲದ್ದನ್ನ ಹುಟ್ಟಸಂಗಿಲ್ರಿ, ಇದ್ದದ್ದನ್ನ ಅಷ್ಟ ದೊಡ್ಡದ ಮಾಡ್ತದ, ಕಸಾ ಸಹಿತ. ನಮ್ಮ ಮನಿ ಹಿಂದ ಮೊಬೈಲ್ ಟವರ್ ಅದ. ಮೊದಲ ಟಿವಿಗೆ ಇದ್ದ 600 ಮೆಗಾಹರ್ಟ್ಸ್ ಜಾಗಾ ಈಗ ಮೊಬೈಲ್‌ನವರಿಗೆ ಹೋಗೇದಲ್ರಿ, ಟಿವಿಗೆ 36ನೇ ಚಾನೆಲ್ ಮ್ಯಾಲ ಈಗ ಏನೂ ಉಳದಿಲ್ಲ. ಆ ಟವರ್ ಸಿಗ್ನಲ್ ಬೂಸ್ಟರಿನೊಳಗ ಹೊಕ್ಕು ಬರೋ ಚಾನೆಲ್ಲೂ ಹ್ವಾದವು. ಫಿಲ್ಟರ್ ಹಾಕಿದ ಮ್ಯಾಲ ಸರಿ ಆತು. ಆದ್ರ 8 ಬರಲಿಲ್ಲ, ಯಾಕಂದ್ರ ಕಡ್ಡೀನ ಸಣ್ಣದು.

ಊರಾಗ ನಮ್ಮ ಮಾಳಿಗಿ ಮ್ಯಾಲೆ ದೂರದರ್ಶನಕ್ಕಂತ ಅಪ್ಪ ಒಂದು ಯಾಗಿ (ಉದ್ದ ಕೋಲಿಗೆ ಅಡ್ಡಡ್ಡ ಕಡ್ಡಿ ಇರೋ ಆಂಟೆನಾ) ಕಟ್ಟಿದ್ರು. ಕಡ್ಡಿ ಒಂದೊಂದು ಅರ್ಧ ಮಾರಿಗೆ ಒಂಚೂರು ಕಮ್ಮಿ. ಅದು ಬ್ಯಾಂಡ್ 3, ಅಂದ್ರ 174 ಮೆಗಾಹರ್ಟ್ಸ್‌ನಿಂದ ಮ್ಯಾಲ. ಡ್ಯಾಲಸ್‌ನ 8 ಇರೋದೂ ಅದ ಪಟ್ಟಿಯೊಳಗ. ಆ ಆಂಟೆನಾ ಇಲ್ಲಿ ಇದ್ದಿದ್ರ 8 ಫಳಫಳ ಬರ್ತಿತ್ತು. ಅದನ್ನ ತೂಕಕ್ಕ ಹಾಕಿ ಬೋಗುಣಿ ತಗೊಂಡ್ರು ನಮ್ಮವ್ವ.

ಮೈಸೂರ್‌ಪಾಕ್_ಫ್ರಿಸ್ಕೋ · ಶನಿವಾರ 1:15

ಅಪ್ಪನಿಗೆ ಇದನ್ನ ಓದಿ ಹೇಳಿದೆ. "ನಾನು ಮೊದಲೇ ಹೇಳಿದ್ನಲ್ಲ, ಕಡ್ಡಿ ಇಲ್ಲದ ಆಂಟೆನಾ ಆಂಟೆನಾನೇ ಅಲ್ಲ" ಅಂದರು. ಹೇಳಿರಲಿಲ್ಲ. ಸರಿ, ಹಾಗಾದ್ರೆ ಯಾವುದು ಕೊಳ್ಳಲಿ? ಅಟ್ಟದಲ್ಲಿ ಇಡಬಹುದಾ? ಎಚ್ಒಎಯವರು (ಬಡಾವಣೆಯ ಮನೆ ಮಾಲೀಕರ ಸಂಘ) ಹೊರಗೆ ಏನು ಕಟ್ಟಿದರೂ ಕಾಗದ ಕಳಿಸ್ತಾರೆ.

ಅಟ್ಟದ_ಇಲಿ · ಶನಿವಾರ 2:00

ಆರ್‌ಸಿಎ ಎಎನ್‌ಟಿ751 ಅಂತ ಚಿಕ್ಕ ಯಾಗಿ ಇದೆ. ವಿಎಚ್ಎಫ್‌ನ ಮೇಲಿನ ಭಾಗಕ್ಕೂ ಯುಎಚ್ಎಫ್‌ಗೂ ಆಗುತ್ತೆ. ಕಡ್ಡಿ ಬಿಚ್ಚಿದರೆ ಮೂರಡಿ ಹತ್ತಿರ ಬರುತ್ತೆ. ನಿಮ್ಮ ಜಾಗಕ್ಕೆ ಅದೇ ಸಾಕು. ನೋಡೋಕೆ ಲಕ್ಷಣವಾಗಿರಬೇಕು ಅಂದ್ರೆ ಕ್ಲಿಯರ್‌ಸ್ಟ್ರೀಮ್ 2ವಿ. ಎಂಟರ ಆಕಾರದ ಎರಡು ಬಳೆ ಯುಎಚ್ಎಫ್‌ಗೆ, ಜೊತೆಗೆ ವಿಎಚ್ಎಫ್‌ಗೆ ಪ್ರತ್ಯೇಕ ಉದ್ದನೆಯ ಕಡ್ಡಿ. ನಾನಾದ್ರೆ ಮೊದಲನೇದೇ ತಗೋತೀನಿ, ಹಳೇ ಕಾಲದವನು.

ಕೊಳ್ಳೋ ಮುಂಚೆ ರ‍್ಯಾಬಿಟ್‌ಇಯರ್ಸ್ ವೆಬ್‌ಸೈಟಿಗೆ ಹೋಗಿ ವಿಳಾಸ ಕೊಡಿ. ಯಾವ ಚಾನೆಲ್ಲು ನಿಜವಾಗಿ ಎಲ್ಲಿ ಪ್ರಸಾರ ಆಗ್ತಿದೆ, ಎಷ್ಟು ಡಿಗ್ರಿಯಲ್ಲಿದೆ, ನಿಮ್ಮ ಮನೆ ಹತ್ತಿರ ಎಷ್ಟು ಬಲವಾಗಿದೆ ಅಂತ ಎಲ್ಲ ತೋರಿಸುತ್ತೆ. ನಂಬರ್ ಬಗ್ಗೆ ನನ್ನ ಮಾತು ನಂಬಬೇಡಿ, ಅಲ್ಲೇ ನೋಡಿ. ಚಾನೆಲ್‌ಗಳು ಆಗಾಗ ಮನೆ ಬದಲಾಯಿಸ್ತವೆ.

ಅಟ್ಟದ ವಿಷಯಕ್ಕೆ ಒಂದೇ ಪ್ರಶ್ನೆ: ಮನೆ ಯಾವ ವರ್ಷದ್ದು? ಅಟ್ಟ ಹತ್ತಿ ಟಾರ್ಚ್ ಮೇಲಕ್ಕೆ ಬಿಡಿ. ಸೂರಿನ ಹಲಗೆಯ ಒಳಮೈ ಬೆಳ್ಳಗೆ ಹೊಳೀತಿದೆಯಾ?

ಮೈಸೂರ್‌ಪಾಕ್_ಫ್ರಿಸ್ಕೋ · ಶನಿವಾರ ಸಂಜೆ 6:48

2014ರ ಮನೆ. ಸಂಜೆ ಹತ್ತಿ ನೋಡಿದೆ. ಚಾಕೊಲೇಟ್ ಸುತ್ತಿರೋ ಬೆಳ್ಳಿ ಕಾಗದದ ಥರ ಇಡೀ ಸೂರು ಹೊಳೀತಿದೆ. ಐದೇ ನಿಮಿಷ ಇದ್ದೆ. ಇಳಿಯೋ ಹೊತ್ತಿಗೆ ಕುರ್ತಾ ಹಿಂಡಿದರೆ ನೀರು.

ಅಟ್ಟದ_ಇಲಿ · ಶನಿವಾರ 7:05

ಹಾಗಾದ್ರೆ ಅಟ್ಟದ ಆಸೆ ಬಿಡಿ. ಅದು ಅಲ್ಯುಮಿನಿಯಂ ಹಾಳೆ, ಬಿಸಿಲಿನ ಕಾವು ತಡೆಯೋಕೆ ಹಾಕಿರ್ತಾರೆ. ಕಾವಿನ ಜೊತೆ ಟಿವಿ ಸಿಗ್ನಲನ್ನೂ ತಡೆಯುತ್ತೆ. ಈ ಕಡೆಯ ಎಷ್ಟೋ ಹೊಸ ಮನೆಗಳಲ್ಲಿ ಇದು ಇದೆ. "ಅಟ್ಟದಲ್ಲಿಡಿ, ಆರಾಮ" ಅಂತ ಹೇಳೋರ ಮನೆ ಹಳೇದಿರುತ್ತೆ. ನಂದು 1986ರದ್ದು, ಅದಕ್ಕೇ ನನಗೆ ಈ ಹೆಸರು.

ಎಚ್ಒಎಗೆ ಹೆದರಬೇಡಿ. 1996ರಿಂದ ಎಫ್‌ಸಿಸಿ (ಅಮೆರಿಕದ ಪ್ರಸಾರ, ಸಂಪರ್ಕ ಆಯೋಗ) ನಿಯಮ ಇದೆ, ಓಟಾರ್ಡ್ ಅಂತಾರೆ. ನಿಮ್ಮ ಸ್ವಂತ ಬಳಕೆಯ ಜಾಗದಲ್ಲಿ ಸ್ಥಳೀಯ ಟಿವಿ ಹಿಡಿಯೋಕೆ ಆಂಟೆನಾ ಕಟ್ಟೋದನ್ನ ಅವರು ಸುಮ್ಮಸುಮ್ಮನೆ ತಡೆಯೋ ಹಾಗಿಲ್ಲ, ಖರ್ಚು ಹೆಚ್ಚಿಸೋ ಹಾಗಿಲ್ಲ, ತಡ ಮಾಡಿಸೋ ಹಾಗಿಲ್ಲ. ಡಿಶ್‌ಗೆ ಒಂದು ಮೀಟರ್ ಮಿತಿ ಇದೆ, ಟಿವಿ ಆಂಟೆನಾಗೆ ಆ ಮಿತಿ ಇಲ್ಲ. ಕಂಬ ಸೂರಿಗಿಂತ 12 ಅಡಿ ಮೇಲೆ ಹೋದರೆ ಪರ್ಮಿಟ್ ಕೇಳಬಹುದು. ನಿಮಗೆ ಅಷ್ಟೆತ್ತರ ಬೇಡವೇ ಬೇಡ.

ಮನೆ ಬಾಗಿಲು ಯಾವ ದಿಕ್ಕಿಗೆ?

ಮೈಸೂರ್‌ಪಾಕ್_ಫ್ರಿಸ್ಕೋ · ಶನಿವಾರ 7:11

ಉತ್ತರಕ್ಕೆ. ವಾಸ್ತು ನೋಡಿಯೇ ತಗೊಂಡಿದ್ದು, ಇನ್ನೇನು.

ಅಟ್ಟದ_ಇಲಿ · ಶನಿವಾರ 7:14

ವಾಸ್ತುವಿಂದ ಇಷ್ಟಾದರೂ ಲಾಭ ಆಯ್ತಲ್ಲ! ಬಾಗಿಲು ಉತ್ತರಕ್ಕಿದ್ದರೆ ಹಿತ್ತಲು ದಕ್ಷಿಣಕ್ಕೆ. ಸೀಡರ್ ಹಿಲ್ ಕಡೆಗೇ ಮುಖ. ಹಿಂದಿನ ಗೋಡೆಗೆ, ಎರಡನೇ ಮಹಡಿ ಸೂರಿನ ಅಂಚಿನ ಕೆಳಗೆ ಕಟ್ಟಿ. ಬೀದಿಯಿಂದ ಯಾರಿಗೂ ಕಾಣಲ್ಲ, ಎಚ್ಒಎ ಕಾಗದದ ಪ್ರಶ್ನೆಯೇ ಬರಲ್ಲ.

ವ್ಯಾಲಿರ‍್ಯಾಂಚ್_ಬಾಡಿಗೆ · ಶನಿವಾರ 8:30

ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನಾನು ಅರ್ವಿಂಗ್‌ನಲ್ಲಿ ಅಪಾರ್ಟ್‌ಮೆಂಟ್, ಮೂರನೇ ಮಹಡಿ, ಬಾಲ್ಕನಿ ಉತ್ತರಕ್ಕೆ. ಬರೀ 24 ಮೈಲಿ. ಆದ್ರೂ 4 ಮತ್ತು 5 ಚೌಕ ಚೌಕ ಆಗಿ ಒಡೆಯುತ್ತೆ. ಯಾರಾದರೂ ಟಿವಿ ಮುಂದೆ ಓಡಾಡಿದರೆ ಜಾಸ್ತಿ. ನನಗೂ ಓಟಾರ್ಡ್ ಪ್ರಕಾರ ಟೆರೇಸ್ ಮೇಲೆ ಕಟ್ಟಬಹುದಾ?

ಅಟ್ಟದ_ಇಲಿ · ಶನಿವಾರ 8:52

ಟೆರೇಸ್ ಎಲ್ಲರಿಗೂ ಸೇರಿದ್ದು, ಅಲ್ಲಿ ನಿಯಮ ನಿಮಗೆ ಆಸರೆ ಆಗಲ್ಲ. ಬಾಲ್ಕನಿ ನಿಮ್ಮೊಬ್ಬರದ್ದು, ಅಲ್ಲಿ ಆಗುತ್ತೆ. ಆದ್ರೆ ನಿಮ್ಮ ಬಾಲ್ಕನಿ ಟವರಿಗೆ ಬೆನ್ನು ಹಾಕಿದೆ. ನಿಮಗೆ ಸಿಗ್ತಿರೋದು ಎದುರು ಕಟ್ಟಡಕ್ಕೆ ಬಡಿದು ವಾಪಸ್ ಬಂದದ್ದು. ಒಂದೇ ಸಿಗ್ನಲ್ ಎರಡು ಮೂರು ದಾರಿಯಲ್ಲಿ ಬಂದು ಒಂದಕ್ಕೊಂದು ಗುದ್ದಾಡ್ತಿವೆ. ಮನುಷ್ಯ ಓಡಾಡಿದರೂ ವ್ಯತ್ಯಾಸ ಆಗೋದು ಅದಕ್ಕೇ. ಹಳೇ ಟಿವಿಯಲ್ಲಾದರೆ ನೆರಳು ಚಿತ್ರ ಕಾಣ್ತಿತ್ತು. ಈಗಿನದು ಇದ್ದರೆ ಪೂರ್ತಿ, ಇಲ್ಲದಿದ್ದರೆ ಚಿಂದಿ.

ದಕ್ಷಿಣಕ್ಕೆ ಯಾವುದಾದರೂ ಕಿಟಕಿ ಇದೆಯಾ? ಬಚ್ಚಲುಮನೆಯದ್ದಾದರೂ ಸರಿ. ಗಾಜಿನ ಮೇಲೆ ಕಣ್ಣಿಗೆ ಕಾಣದ ಲೋಹದ ಲೇಪ ಇದ್ದರೆ ಅದೂ ತಡೆಯುತ್ತೆ, ಆದರೂ ಪ್ರಯತ್ನಿಸಿ. ಆಂಟೆನಾ ಅಂಟಿಸಬೇಡಿ. ಉದ್ದ ವೈರ್ ಹಾಕಿ ಕೈಯಲ್ಲಿ ಹಿಡ್ಕೊಂಡು ಮನೆಯೆಲ್ಲ ತಿರುಗಾಡಿ. ಒಂದೊಂದು ಗೇಣಿಗೂ ವ್ಯತ್ಯಾಸ ಇರುತ್ತೆ. ಚೆನ್ನಾಗಿ ಬಂದ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ. ನಿಮಗೆ ಬೂಸ್ಟರ್ ಅಂತೂ ಬೇಡ, ಅಷ್ಟು ಹತ್ತಿರದಲ್ಲಿ ಉಸಿರುಕಟ್ಟುತ್ತೆ.

ಟೆಕ್ಸಾಸ್_ಟೀಪುಡಿ · ಶನಿವಾರ 9:20

ಬೂಸ್ಟರ್ ಮೇಲೆ ನಿಮಗೇನು ದ್ವೇಷ ಸ್ವಾಮಿ.

ಅಟ್ಟದ_ಇಲಿ · ಶನಿವಾರ 9:31

ದ್ವೇಷ ಇಲ್ಲ. ವೈರ್ ನೂರಡಿ ಇದ್ದರೆ, ನಾಲ್ಕು ಟಿವಿಗೆ ಹಂಚಿದ್ದರೆ ಬೇಕೇ ಬೇಕು. ನಾಲ್ಕು ದಾರಿಯ ಸ್ಪ್ಲಿಟರ್ ಒಂದೇ 7 ಡೆಸಿಬೆಲ್ ತಿನ್ನುತ್ತೆ, ಅಂದ್ರೆ ಪ್ರತಿ ಟಿವಿಗೆ ಐದನೇ ಒಂದು ಭಾಗ. ಆಗಲೂ ಬೂಸ್ಟರ್ ಆಂಟೆನಾದ ಬುಡದಲ್ಲಿರಬೇಕು, ಟಿವಿಯ ಬುಡದಲ್ಲಲ್ಲ. ಹಾಲು ಕೆಡೋಕೆ ಮುಂಚೆ ಕಾಯಿಸಬೇಕು ತಾನೆ, ಒಡೆದ ಮೇಲೆ ಕಾಯಿಸಿದರೆ ಏನು ಬಂತು?

ಮೈಸೂರ್‌ಪಾಕ್_ಫ್ರಿಸ್ಕೋ · ಮುಂದಿನ ಭಾನುವಾರ 5:40

ಆಂಟೆನಾ ಬಂತು, ಕಟ್ಟಿದ್ದೂ ಆಯ್ತು. ಯಜಮಾನರು ಏಣಿ ಹಿಡಿದರು, ನಾನು ಹತ್ತಿದೆ, ಅಪ್ಪ ಹುಲ್ಲಿನ ಮೇಲೆ ನಿಂತು ಫೋನಿನ ದಿಕ್ಸೂಚಿ ಹಿಡ್ಕೊಂಡು "ಇನ್ನೊಂದು ನೂಲು ಬಲಕ್ಕೆ" ಅಂತ ನಿರ್ದೇಶನ. ದಕ್ಷಿಣ ಯಮನ ದಿಕ್ಕು, ಅಲ್ಲಿಂದ ಬರೋ ಸುದ್ದಿ ಒಳ್ಳೇದಿರಲ್ಲ ಅಂತ ತಮಾಷೆ ಬೇರೆ. ಕಡ್ಡಿಗಳು ಮಡಿಚಿಕೊಂಡು ಬಂದಿದ್ದವು. ಒಂದು ಪೂರ್ತಿ ಬಿಚ್ಚಿ ಟಕ್ ಅಂತ ಕೂತಿರಲಿಲ್ಲ, ಅದು ಗೊತ್ತಾಗದೆ ಅರ್ಧ ಗಂಟೆ ಹೋಯ್ತು.

8 ಬಂತು! ಕನ್ನಡಿ ಹಾಗೆ. ಮಕ್ಕಳಿಗೆ 13.2ರಲ್ಲಿ ಪಿಬಿಎಸ್ ಕಿಡ್ಸ್ ಸಿಕ್ಕಿದ್ದು ಬೋನಸ್.

ಧಾರವಾಡ_ಪ್ಲೇನೋ · ಭಾನುವಾರ 6:02

ಭೇಷ್! ಆದ್ರ ಅರ್ಥಿಂಗ್ ಮಾಡೀರೇನ್ರಿ? ವೈರ್ ಮನಿಯೊಳಗ ಹೊಗೋ ಮೊದಲ ಗ್ರೌಂಡ್ ಬ್ಲಾಕ್ ಹಾಕ್ರಿ. ಅಲ್ಲಿಂದ 10 ಗೇಜ್ ತಾಮ್ರದ ತಂತಿ, ಮನಿಯ ಕರೆಂಟ್ ಮೀಟರಿನ ಅರ್ಥಿಂಗ್‌ಗ ಕೂಡಸ್ರಿ. ಬ್ಯಾರೆ ಸಳಿ ಹೊಡದು ಅದನ್ನ ಒಂಟಿ ಬಿಡಬ್ಯಾಡ್ರಿ, ಅದು ಇನ್ನೂ ಅಪಾಯ. ಇಲ್ಲಿ ಏಪ್ರಿಲ್, ಮೇ ಸಿಡ್ಲು ಹೆಂಗ ಬಡೀತಾವ ಗೊತ್ತದಲ್ಲ. ನೇರ ಬಡದ್ರ ಯಾವ ತಂತೀನೂ ಉಳಸಂಗಿಲ್ಲ ಖರೆ, ಆದ್ರ ಸುತ್ತಮುತ್ತ ಬಡದದ್ದರ ಪೆಟ್ಟು ಟಿವಿಗೆ ಬರಬಾರದು.

ಮೈಸೂರ್‌ಪಾಕ್_ಫ್ರಿಸ್ಕೋ · ಮಂಗಳವಾರ ರಾತ್ರಿ 9:55

ಅರ್ಥಿಂಗ್ ಮಾಡಿಸಿದೆ. ಆದ್ರೆ ಹೊಸ ವಿಚಿತ್ರ ಶುರುವಾಗಿದೆ. ಹಗಲೆಲ್ಲ 8 ಚೆನ್ನಾಗಿರುತ್ತೆ. ಸಂಜೆ ಸರಿಯಾಗಿ ಏಳು ಗಂಟೆಗೆ ಮಾಯ. ಹತ್ತೂವರೆಗೆ ವಾಪಸ್. ಮಿಕ್ಕ ಚಾನೆಲ್‌ಗೆ ಏನೂ ಆಗಲ್ಲ. ಮೂರು ದಿನದಿಂದ ಇದೇ. ಅವರೇ ರಾತ್ರಿ ಪವರ್ ಕಡಿಮೆ ಮಾಡ್ತಾರಾ?

ಅಟ್ಟದ_ಇಲಿ · ಮಂಗಳವಾರ 10:08

ಅವರು ಮಾಡಲ್ಲ. ಗಡಿಯಾರ ಹಿಡಿದು ಹೋಗಿ ಬರ್ತಿದೆ ಅಂದ್ರೆ ನಿಮ್ಮ ಮನೆಯದ್ದೇ ಯಾವುದೋ ವಸ್ತು. ಏಳಕ್ಕೆ ಆನ್ ಆಗಿ ಹತ್ತೂವರೆಗೆ ಆಫ್ ಆಗೋದು ಏನಿದೆ? ಎಲ್ಇಡಿ ದೀಪ, ಅಗ್ಗದ ಚಾರ್ಜರ್, ಗ್ಯಾರೇಜ್ ಬಾಗಿಲಿನ ಬಲ್ಬು, ಇವು ಗದ್ದಲ ಎಬ್ಬಿಸೋದು ವಿಎಚ್ಎಫ್‌ನಲ್ಲೇ ಜಾಸ್ತಿ. ಯುಎಚ್ಎಫ್‌ಗೆ ಅಷ್ಟಾಗಿ ತಟ್ಟಲ್ಲ.

ಮೈಸೂರ್‌ಪಾಕ್_ಫ್ರಿಸ್ಕೋ · ಬುಧವಾರ ರಾತ್ರಿ 8:20

ಕಳ್ಳ ಸಿಕ್ಕಿಬಿದ್ದ. ದೇವರ ಮನೆಯಲ್ಲಿ.

ಅಪ್ಪ ಹುಡುಗರಾಗಿದ್ದಾಗ ರೇಡಿಯೋ ರಿಪೇರಿ ಕಲಿತಿದ್ದರು. ಸೂಟ್‌ಕೇಸಿನಿಂದ ತಮ್ಮ ಪಾಕೆಟ್ ಟ್ರಾನ್ಸಿಸ್ಟರ್ ತೆಗೆದು, ಎಎಂನಲ್ಲಿ ಸ್ಟೇಷನ್ ಇಲ್ಲದ ಕಡೆ ಮುಳ್ಳು ನಿಲ್ಲಿಸಿ, ದನಿ ಜೋರು ಮಾಡಿ ಮನೆಯೆಲ್ಲ ಸುತ್ತಿದರು. ಫ್ರಿಜ್ ಹತ್ತಿರ ಸಣ್ಣ ಗುಂಯ್. ಲ್ಯಾಪ್‌ಟಾಪ್ ಚಾರ್ಜರ್ ಹತ್ತಿರ ಸ್ವಲ್ಪ ಜೋರು. ದೇವರ ಮನೆ ಬಾಗಿಲಿಗೆ ಬಂದಾಗ ಜೀರುಂಡೆ ಗೂಡಿಗೆ ಕೈ ಹಾಕಿದ ಹಾಗೆ ಚೀರಿತು. ಮಂಟಪಕ್ಕೆ ಸುತ್ತಿರೋ ಎಲ್ಇಡಿ ಸರ, ಟೈಮರ್ ಹಾಕಿದ್ದು ನಾನೇ, ಸಂಜೆ ಏಳರಿಂದ ಹತ್ತೂವರೆ. ಆ ಗೋಡೆಯ ಆಚೆ ಬದಿಯಲ್ಲೇ ಆಂಟೆನಾದ ವೈರ್ ಇಳಿದಿದೆ. ಪ್ಲಗ್ ಕಿತ್ತ ತಕ್ಷಣ 8 ಬಂತು. ಹಾಕಿದರೆ ಹೋಯ್ತು. ನಾಲ್ಕು ಸಲ ಮಾಡಿ ನೋಡಿದೆವು.

ಅಮ್ಮನಿಗೆ ಫೋನಲ್ಲಿ ಹೇಳಿದರೆ "ದೇವರ ಮನೆ ದೀಪ ಆರಿಸಿ ಟಿವಿ ನೋಡ್ತೀರಾ" ಅಂತ ಬೈದಳು.

ಅಟ್ಟದ_ಇಲಿ · ಬುಧವಾರ 8:34

ದೀಪ ಆರಿಸಬೇಡಿ. ಅದೇ ಸರವನ್ನ ಫೋನಿನ ಪವರ್ ಬ್ಯಾಂಕಿಗೆ ಚುಚ್ಚಿ ನೋಡಿ. ಗದ್ದಲ ನಿಂತರೆ ತಪ್ಪು ಸರದ್ದಲ್ಲ, ಅದರ ಗೋಡೆ ಅಡಾಪ್ಟರಿನದ್ದು.

ಮೈಸೂರ್‌ಪಾಕ್_ಫ್ರಿಸ್ಕೋ · ಬುಧವಾರ 8:51

ನಿಂತಿತು! ಅಡಾಪ್ಟರೇ. ಹಳೇ ಫೋನಿನ ಒಳ್ಳೇ ಚಾರ್ಜರ್ ಒಂದಿತ್ತು, ಅದಕ್ಕೆ ಹಾಕಿದ್ದೀನಿ. ದೀಪವೂ ಉರೀತಿದೆ, 8ಕ್ಕೂ ಏನೂ ಆಗಿಲ್ಲ.

ಟೆಕ್ಸಾಸ್_ಟೀಪುಡಿ · ಬುಧವಾರ 9:10

ನಾನೂ ಒಂದು ಕೇಳಲಾ? ಹೊಸ ಟಿವಿ ಕೊಳ್ಳೋನಿದ್ದೀನಿ. ಎಟಿಎಸ್‌ಸಿ 3.0 (ಹೊಸ ತಲೆಮಾರಿನ ಡಿಜಿಟಲ್ ಪ್ರಸಾರ) ಇರೋದೇ ಬೇಕಾ? ಆಂಟೆನಾನೂ ಬೇರೆ ಬೇಕಾ?

ಅಟ್ಟದ_ಇಲಿ · ಬುಧವಾರ 9:26

ಆಂಟೆನಾ ಅದೇ ಸಾಕು, ಅಲೆ ಅದೇ ಅಲೆ. 4ಕೆ ಆಂಟೆನಾ ಅನ್ನೋದೂ 3.0 ಆಂಟೆನಾ ಅನ್ನೋದೂ ಡಬ್ಬದ ಮೇಲಿನ ಮಾತು. ಟಿವಿ ವಿಷಯಕ್ಕೆ ಬಂದರೆ, ಅದೊಂದಕ್ಕೋಸ್ಕರ ನೀವು ಹೆಚ್ಚು ದುಡ್ಡು ಕೊಡೋದು ನನಗೆ ಸರಿ ಕಾಣಲ್ಲ. ಎಷ್ಟೋ ಕಡೆ 3.0 ಪ್ರಸಾರಕ್ಕೆ ಬೀಗ ಹಾಕಿದ್ದಾರೆ. ಪುಕ್ಕಟೆ ಚಾನೆಲ್‌ಗೆ ಬೀಗ ಯಾಕೆ ಅಂತ ನನಗೆ ಇನ್ನೂ ಸಿಟ್ಟಿದೆ.

ವ್ಯಾಲಿರ‍್ಯಾಂಚ್_ಬಾಡಿಗೆ · ಗುರುವಾರ ಬೆಳಗ್ಗೆ 7:30

ನನ್ನ ವರದಿ. ದಕ್ಷಿಣಕ್ಕಿರೋದು ಒಂದೇ ಕಿಟಕಿ, ಬಚ್ಚಲುಮನೆಯದ್ದು, ತಮಾಷೆಗೆ ಹೇಳಿದ್ದೇ ನಿಜ ಆಯ್ತು. ಕಿಟಕಿಯ ಎಡ ಮೂಲೆಯಲ್ಲಿ, ಶಾಂಪೂ ಇಡೋ ಜಾಗದಿಂದ ಒಂದು ಗೇಣು ಮೇಲೆ, 4 ಮತ್ತು 5 ಎರಡೂ ಗಟ್ಟಿ ನಿಲ್ತವೆ. 8 ಆಗೊಮ್ಮೆ ಈಗೊಮ್ಮೆ. ಪೆನ್ಸಿಲ್ ಗುರುತು ಹಾಕಿದ್ದೀನಿ. ಈಗ ಹೆಂಡತಿ ಬಚ್ಚಲುಮನೆಯಿಂದ ಹಾಲ್‌ವರೆಗೆ ವೈರ್ ಯಾಕೆ ಅಂತ ಕೇಳ್ತಿದ್ದಾಳೆ. ಕಾರ್ಪೆಟ್ ಅಂಚಿನ ಕೆಳಗೆ ತೂರಿಸೋಕೆ ಚಪ್ಪಟೆ ವೈರ್ ಸಿಗುತ್ತಾ, ಅದರಲ್ಲಿ ಸಿಗ್ನಲ್ ಜಾಸ್ತಿ ಸೋರುತ್ತಾ?

ಧಾರವಾಡ_ಪ್ಲೇನೋ · ಗುರುವಾರ 7:58

ಸಿಗ್ತದ್ರಿ, ಸೋರ್ತದ ಸಹಿತ. ಬಾಗಿಲು, ಕಿಟಕಿ ಸಂದಿ ದಾಟಸೂದಕ್ಕ ಒಂದಡಿ ತುಂಡಾದ್ರ ನಡೀತದ. ಹಾಲ್‌ತನಕ ಅದನ್ನ ಎಳೀಬ್ಯಾಡ್ರಿ, ಆರ್‌ಜಿ6 ಅನ್ನೋ ದುಂಡನ ಕೇಬಲ್ ಹಾಕ್ರಿ, ಬಿಳೇದು ತಗೊಂಡ್ರ ಗ್ವಾಡಿ ಮೂಲ್ಯಾಗ ಕಾಣಂಗಿಲ್ಲ. ಮೊದಲ ವೈನಿ ಅವರ ಪರ್ಮಿಷನ್ ತಗೋರಿ, ಅದಕ್ಕ ಓಟಾರ್ಡ್ ನಡಿಯಂಗಿಲ್ಲ.